ಹನ್ನೊಂದು ದಿನಕ್ಕೆ ಏಳು ಊರು ಬೇಡ

ಪ್ರವಾಸ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ರಜೆಗೆ ಹೊರದೇಶಕ್ಕೆ ಹೋಗಬೇಕು, ಆದರೆ ಮಾಲು, ಜೋಕಾಲಿ ಎಲ್ಲಾ ಬೇಡ, ಹಳೇ ಊರು, ಕೋಟೆ, ದೇವಸ್ಥಾನ ನೋಡಬೇಕು ಅಂತ. ಓದಿ ತುಂಬಾ ಖುಷಿಯಾಯ್ತು. ಮೈಸೂರು, ಮಂಡ್ಯದ ಕಡೆಯವರಿಗೆ ಹಳೇ ಕಲ್ಲಿನ ಮೇಲೆ ಪ್ರೀತಿ ಇರುವುದು ಹೊಸದೇನಲ್ಲ. ಆರು ಪ್ರಶ್ನೆ ಆರಿಸಿಕೊಂಡಿದ್ದೇನೆ.

ನಮ್ಮ ಯಜಮಾನರು ನಾಲೆ ಕೆಲಸದಲ್ಲೇ ಇದ್ದು ನಿವೃತ್ತರಾದವರು. ಇಬ್ಬರಿಗೂ ಅರವತ್ತು ದಾಟಿದೆ, ಅವರಿಗೆ ಮಂಡಿನೋವು. ಹನ್ನೊಂದು ದಿನದ ಯುರೋಪ್ ಪ್ಯಾಕೇಜ್ ನೋಡಿದ್ದೇವೆ. ಪ್ಯಾರಿಸ್‌ನಿಂದ ಶುರುವಾಗಿ ರೋಮ್‌ನಲ್ಲಿ ಮುಗಿಯುತ್ತದೆ, ಒಟ್ಟು ಏಳು ಊರು. ಹೋಗಬಹುದಾ ಮೇಡಂ?
— ಗೃಹಿಣಿ, ಮಂಡ್ಯ

ಹೋಗಬೇಡಿ. ಯುರೋಪಿಗೆ ಬೇಡ ಅಂತಲ್ಲ, ಈ ಪ್ಯಾಕೇಜಿನಲ್ಲಿ ಬೇಡ.

ನಾನು ಮೊದಲ ಸಲ ಹೋಗಿದ್ದು ಇಂಥದ್ದೇ ಒಂದರಲ್ಲಿ. ಬೆಳಗ್ಗೆ ಆರಕ್ಕೆ ಎಬ್ಬಿಸುತ್ತಿದ್ದರು, ಎಂಟಕ್ಕೆ ಬಸ್ಸು. ರೋಮ್ ದರ್ಶನ ಅಂದರೆ ಕೊಲೋಸಿಯಂ ಮುಂದೆ ಇಪ್ಪತ್ತು ನಿಮಿಷ ನಿಲ್ಲಿಸಿ, ಫೋಟೋ ತೆಗೆಸಿ, ಮತ್ತೆ ಬಸ್ಸು ಹತ್ತಿಸಿದರು. ಒಳಗೆ ಹೋಗುವ ಟಿಕೆಟ್ ಪ್ಯಾಕೇಜಿನಲ್ಲಿ ಇರಲೇ ಇಲ್ಲ ಅನ್ನೋದು ಅಲ್ಲಿ ಹೋದ ಮೇಲೆ ಗೊತ್ತಾಯ್ತು. ಅಷ್ಟು ದುಡ್ಡು ಕೊಟ್ಟು, ಎರಡು ಸಾವಿರ ವರ್ಷದ ಗೋಡೆಯನ್ನು ರಸ್ತೆಯ ಆಚೆಯಿಂದ ನೋಡಿ ಬಂದೆ. ಆ ಬೇಜಾರು ಇನ್ನೂ ಹೋಗಿಲ್ಲ. ಅದಕ್ಕೇ ಇಷ್ಟು ಖಡಾಖಂಡಿತ ಹೇಳುತ್ತಿದ್ದೇನೆ.

ರೋಮ್ ಒಂದೇ ಇಟ್ಟುಕೊಳ್ಳಿ. ಐದಾರು ದಿನ. ನಾಲೆ ಕೆಲಸ ಮಾಡಿದವರನ್ನು ಕರೆದುಕೊಂಡು ಹೋಗಲು ಅದಕ್ಕಿಂತ ಒಳ್ಳೇ ಊರು ನನಗಂತೂ ಗೊತ್ತಿಲ್ಲ. ಆ ನಗರ ನಿಂತಿದ್ದೇ ನೀರಿನ ಮೇಲೆ. ಬೆಟ್ಟದ ಕಡೆಯಿಂದ ಪಂಪಿಲ್ಲದೆ, ಬರೀ ಇಳಿಜಾರಿನ ಲೆಕ್ಕದಲ್ಲಿ ನೀರು ತಂದರು. ಮೆಟ್ರೋ ಹತ್ತಿ ಊರಾಚೆ ಅಕ್ವಿಡಕ್ಟ್ ಪಾರ್ಕಿಗೆ, ಅಂದರೆ ಹಳೇ ನೀರಿನ ಕಾಲುವೆಗಳು ಉಳಿದಿರುವ ಪಾರ್ಕಿಗೆ ಹೋಗಿ. ಕ್ರಿ.ಶ. 52ರಲ್ಲಿ ಮುಗಿದ ಅಕ್ವಾ ಕ್ಲಾಡಿಯಾ ಕಾಲುವೆಯ ಕಮಾನುಗಳು ಹುಲ್ಲುಗಾವಲಿನಲ್ಲಿ ಸಾಲಾಗಿ ನಿಂತಿವೆ. ಅದರ ಉದ್ದ ಸುಮಾರು 69 ಕಿಲೋಮೀಟರ್, ಜಾಸ್ತಿ ಭಾಗ ನೆಲದೊಳಗೇ ಹೋಗುತ್ತದೆ. ಹುಲಿಕೆರೆ ಸುರಂಗದೊಳಗೆ ವಿಶ್ವೇಶ್ವರಯ್ಯ ನಾಲೆ ನುಗ್ಗುವುದನ್ನು ನೋಡಿದವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ, ನಿಮ್ಮ ಯಜಮಾನರೇ ಅಲ್ಲಿ ನಿಮಗೆ ಗೈಡ್ ಆಗುತ್ತಾರೆ. ಎಲ್ಲರೂ ಕಾಸು ಎಸೆಯುವ ಟ್ರೆವಿ ಕಾರಂಜಿ ಇದೆಯಲ್ಲ, ಅದಕ್ಕೆ ಇವತ್ತಿಗೂ ನೀರು ಕೊಡುವುದು ಕ್ರಿ.ಪೂ. 19ರಲ್ಲಿ ಕಟ್ಟಿದ ಅಕ್ವಾ ವಿರ್ಗೋ ಕಾಲುವೆಯ ದಾರಿಯೇ. ನಡುವೆ ಎಷ್ಟೋ ಸಲ ರಿಪೇರಿ ಆಗಿದೆ, ಆದರೆ ದಾರಿ ಅದೇ.

ಬೀದಿ ಬೀದಿಯಲ್ಲಿ ಕಬ್ಬಿಣದ ಕಂಬದಂಥ ನಲ್ಲಿಗಳಿವೆ. ನೀರು ಸದಾ ಸುರಿಯುತ್ತಿರುತ್ತದೆ, ಕುಡಿಯಬಹುದು, ಪುಕ್ಕಟೆ. ಕೊಳವೆಯ ಬಾಯಿಗೆ ಬೆರಳು ಒತ್ತಿ ಹಿಡಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೇ ಬಾಯಿಟ್ಟು ಕುಡಿಯಬಹುದು. ಮಂಡಿನೋವಿನವರಿಗೆ ಇದು ಸಣ್ಣ ಅನುಕೂಲವಲ್ಲ.

ಮಂಡಿಯ ವಿಷಯ ಬಂದಿದ್ದರಿಂದ ಹೇಳುತ್ತೇನೆ, ರೋಮ್‌ನ ಹಳೇ ಬೀದಿಗಳಿಗೆ ಹಾಸಿರುವುದು ಸಣ್ಣ ಕರೀ ಕಲ್ಲು. ಚಪ್ಪಲಿಯಲ್ಲಿ ನಡೆದರೆ ಸಂಜೆಗೆ ಕಾಲು ಊದಿಕೊಳ್ಳುತ್ತದೆ. ದಪ್ಪ ಅಡಿಯ ಶೂ ಈಗಲೇ ಕೊಂಡು ಒಂದು ತಿಂಗಳು ಹಾಕಿಕೊಂಡು ಓಡಾಡಿ ಅಭ್ಯಾಸ ಮಾಡಿಕೊಳ್ಳಿ. ಕೊಲೋಸಿಯಂನಲ್ಲಿ ಲಿಫ್ಟ್ ಇದೆ. ಪಕ್ಕದ ಫೋರಂನಲ್ಲಿ, ಅಂದರೆ ಹಳೇ ರೋಮಿನ ಪೇಟೆ ಚೌಕದಲ್ಲಿ, ಕಲ್ಲುಗಳು ಏರುಪೇರು, ಅಲ್ಲಿ ಅರ್ಧ ಗಂಟೆ ಸಾಕು. ಪ್ಯಾಂಥಿಯನ್ ಮಾತ್ರ ಬಿಡಬೇಡಿ, ಮೆಟ್ಟಿಲು ಹತ್ತುವ ಕೆಲಸವೂ ಇಲ್ಲ. ಹೇಡ್ರಿಯನ್ ಚಕ್ರವರ್ತಿಯ ಕಾಲದ ದೇವಸ್ಥಾನ. ಗುಮ್ಮಟದ ಅಗಲ 43 ಮೀಟರಿಗೂ ಜಾಸ್ತಿ, ನೆಲದಿಂದ ಎತ್ತರವೂ ಅಷ್ಟೇ, ಒಳಗೆ ಒಂದು ಕಂಬಿಯೂ ಹಾಕಿಲ್ಲ. ನೆತ್ತಿಯಲ್ಲಿ ದೊಡ್ಡ ತೂತು, ಮಳೆ ಬಂದರೆ ಒಳಗೇ ಬೀಳುತ್ತದೆ. ನೆಲಕ್ಕೆ ನವಿರಾದ ಇಳಿಜಾರು ಕೊಟ್ಟು ಅಲ್ಲಲ್ಲಿ ಸಣ್ಣ ತೂತು ಕೊರೆದಿದ್ದಾರೆ, ನೀರು ಹರಿದು ಹೋಗಲಿ ಅಂತ. ಯಜಮಾನರಿಗೆ ತೋರಿಸಿ.

ಇಟಲಿಗೆ ಬೇಕಾದ ಷೆಂಗೆನ್ ವೀಸಾಗೆ (ಯುರೋಪಿನ ಬಹಳಷ್ಟು ದೇಶಗಳಿಗೆ ಒಂದೇ ವೀಸಾ) ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಕೊನೇ ಗಳಿಗೆಗೆ ಇಟ್ಟುಕೊಳ್ಳಬೇಡಿ. 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಏಪ್ರಿಲ್ ಇಲ್ಲವೇ ಅಕ್ಟೋಬರ್‌ನಲ್ಲಿ ಹೋಗಿ. ಜುಲೈನ ಬಿಸಿಲು ನಮ್ಮವರಿಗೂ ಕಷ್ಟವೇ.

ನಾವು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ವಿಯೆಟ್ನಾಂ, ಥಾಯ್ಲೆಂಡ್ ಕಡೆಯ ಹಳೇ ಊರುಗಳಿಗೆ ಹೋದರೆ ಊಟಕ್ಕೆ ಏನು ಗತಿ?
— ಅಂಗಡಿ ಮಾಲೀಕರು, ಮದ್ದೂರು

ಅಂದುಕೊಂಡಷ್ಟು ಕಷ್ಟ ಇಲ್ಲ. ವಿಯೆಟ್ನಾಂನಲ್ಲಿ 'ಚಾಯ್' ಅಂತ ಬರೆದ ಹೋಟೆಲು ಹುಡುಕಿ, ಅದು ಬೌದ್ಧರ ಸಸ್ಯಾಹಾರ. ಅಲ್ಲಿನ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ, ಅಂದರೆ ನಮ್ಮ ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ, ಎಷ್ಟೋ ಮನೆಗಳಲ್ಲಿ ಮಾಂಸ ಮಾಡುವುದಿಲ್ಲ. ಹೋಯಿ ಆನ್ ಊರಿಗೆ ಹೋಗುವುದಾದರೆ ಈ ದಿನಗಳಿಗೆ ಹೊಂದಿಸಿಕೊಳ್ಳಿ, ಹುಣ್ಣಿಮೆ ಹೊತ್ತಿಗೆ ಹಳೇ ಪೇಟೆಯಲ್ಲಿ ಲ್ಯಾಂಟರ್ನ್ ದೀಪವೂ ನೋಡಬಹುದು. ಥಾಯ್ಲೆಂಡ್‌ನಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇದ್ದರೆ ಅದು 'ಜೇ' ಊಟ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಬರೀ 'ವೆಜಿಟೇರಿಯನ್' ಅಂದರೆ ಸಾಲದು, ಮೀನಿನ ರಸ ಹಾಕಿಬಿಡುತ್ತಾರೆ, ಅವರ ಲೆಕ್ಕದಲ್ಲಿ ಅದು ಉಪ್ಪಿನ ಹಾಗೆ. 'ಮೀನಿನ ರಸ ಬೇಡ' ಅಂತ ಆ ಭಾಷೆಯಲ್ಲಿ ಬರೆಸಿಕೊಂಡು ಫೋನಿನಲ್ಲಿ ಇಟ್ಟುಕೊಳ್ಳಿ. ಜೊತೆಗೆ ಅವಲಕ್ಕಿ, ಚಟ್ನಿಪುಡಿ ಇರಲಿ.

ನಮ್ಮೂರಿನ ಪಕ್ಕದಲ್ಲೇ ಸೋಮನಾಥಪುರ ಇದೆ. ಸ್ಕೂಲ್ ಮಕ್ಕಳನ್ನು ಹತ್ತಾರು ಸಲ ಕರೆದುಕೊಂಡು ಹೋಗಿದ್ದೇನೆ. ಅಂಥದ್ದನ್ನು ಇಟ್ಟುಕೊಂಡು, ಕಲ್ಲಿನ ದೇವಸ್ಥಾನ ನೋಡಲು ಕಾಂಬೋಡಿಯಾದ ಆಂಗ್‌ಕೋರ್‌ವರೆಗೆ ಯಾಕೆ ಹೋಗಬೇಕು?
— ಶಿಕ್ಷಕರು, ತಿ. ನರಸೀಪುರ

ಸಾರ್, ಸೋಮನಾಥಪುರವನ್ನು ಹತ್ತಾರು ಸಲ ನೋಡಿದ್ದೀರಿ ಅಂತಲೇ ನೀವು ಹೋಗಬೇಕು. ನಿಮ್ಮಷ್ಟು ತಯಾರಾಗಿ ಅಲ್ಲಿಗೆ ಹೋಗುವವರು ಕಡಿಮೆ.

ಮೊದಲು ಕಾಲ ನೋಡಿ. ವಿಷ್ಣುವರ್ಧನ ಬೇಲೂರಿನಲ್ಲಿ ದೇವರನ್ನು ಪ್ರತಿಷ್ಠೆ ಮಾಡಿದ್ದು 1117. ಆಂಗ್‌ಕೋರ್ ವಾಟ್ ಕಟ್ಟಿಸಿದ ಎರಡನೇ ಸೂರ್ಯವರ್ಮ ಪಟ್ಟಕ್ಕೆ ಬಂದಿದ್ದು 1113. ಇಬ್ಬರೂ ಒಂದೇ ಕಾಲದವರು, ಇಬ್ಬರೂ ಕಟ್ಟಿಸಿದ್ದು ವಿಷ್ಣುವಿಗೆ. ಇಲ್ಲಿ ಬೇಲೂರಿನಲ್ಲಿ ಉಳಿ ಸದ್ದು ಕೇಳುತ್ತಿದ್ದಾಗ ಅಲ್ಲಿ ಕುಲೇನ್ ಬೆಟ್ಟದಿಂದ ಕಾಲುವೆಗಳಲ್ಲಿ ಮರಳುಗಲ್ಲು ಸಾಗಿಸುವ ಏರ್ಪಾಡು ನಡೀತಾ ಇತ್ತು. ನಮ್ಮದು ಬಳಪದ ಕಲ್ಲು, ತೆಗೆದಾಗ ಮೆತ್ತಗಿರುತ್ತದೆ, ಆಮೇಲೆ ಗಟ್ಟಿಯಾಗುತ್ತದೆ, ಅದಕ್ಕೇ ಬಳೆಯ ಸಂದು, ಸರದ ಕೊಂಡಿ ಕೂಡ ಕೆತ್ತಲು ಆಯ್ತು. ಅವರ ಮರಳುಗಲ್ಲಿನಲ್ಲಿ ಅಷ್ಟು ಆಳ ಹೋಗಿಲ್ಲ. ಗೋಡೆಯ ಉದ್ದಕ್ಕೂ ಬಟ್ಟೆಯ ಮೇಲೆ ಚಿತ್ರ ಬರೆದ ಹಾಗೆ ತೆಳುವಾಗಿ ಕೆತ್ತಿದ್ದಾರೆ.

ಪೂರ್ವದ ಮೊಗಸಾಲೆಯ ದಕ್ಷಿಣ ಅರ್ಧದಲ್ಲಿ ಸಮುದ್ರ ಮಥನ ಇದೆ. ಸುಮಾರು 49 ಮೀಟರ್ ಉದ್ದ, ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು, ನಡುವೆ ವಿಷ್ಣು. ನಾನು ಅಲ್ಲಿ ಒಂದೂವರೆ ಗಂಟೆ ನಿಂತಿದ್ದೆ. ದೂರದಿಂದ ಎಲ್ಲರೂ ಒಂದೇ ಅಚ್ಚಿನವರು ಅನ್ನಿಸುತ್ತದೆ. ಹತ್ರ ಹೋದರೆ ಎಳೆಯುವ ಅಸುರರ ಕಾಲು ಸೋತು ಬಾಗಿರುವುದು, ಕೆಳಗೆ ನೀರಿನಲ್ಲಿ ಕಡೆಗೋಲಿನ ಹತ್ರದ ಮೀನು ತುಂಡಾಗಿ ಹೋಗಿರುವುದು ಕಾಣುತ್ತದೆ. ದೂರದ ಮೀನು ಪೂರ್ತಿಯಾಗಿವೆ. ಕಡೆಯುವ ರಭಸವನ್ನು ಮೀನಿನಲ್ಲಿ ತೋರಿಸಿದ್ದಾನಲ್ಲ ಆ ಶಿಲ್ಪಿ, ಅಲ್ಲಿ ನನಗೆ ಗಂಟಲು ಕಟ್ಟಿಬಂತು. ಅವನ ಹೆಸರು ಅಲ್ಲಿ ಎಲ್ಲೂ ಸಿಗಲಿಲ್ಲ. ಸೋಮನಾಥಪುರದಲ್ಲಾದರೆ 'ಮಲ್ಲಿತಮ್ಮ' ಅಂತ ವಿಗ್ರಹದ ಕೆಳಗೇ ಓದಬಹುದು, ಮಕ್ಕಳಿಗೆ ನೀವು ತೋರಿಸಿಯೇ ಇರುತ್ತೀರಿ.

ಇನ್ನೊಂದು ಮಾತು. ಸೋಮನಾಥಪುರದಲ್ಲಿ ಪ್ರದಕ್ಷಿಣೆ ಬಂದ ಹಾಗೆ ರಾಮಾಯಣ, ಭಾಗವತ, ಮಹಾಭಾರತ ಸಾಲಾಗಿ ಬರುತ್ತವೆ. ಆಂಗ್‌ಕೋರ್ ವಾಟ್‌ನಲ್ಲಿ ಕಥೆ ಅಪ್ರದಕ್ಷಿಣೆಯಾಗಿ ಸಾಗುತ್ತದೆ, ಬಾಗಿಲೂ ಪಶ್ಚಿಮಕ್ಕೆ. ಅದು ರಾಜನ ಉತ್ತರಕ್ರಿಯೆಗೂ ಸಂಬಂಧಪಟ್ಟ ಗುಡಿ ಇರಬೇಕು ಅಂತ ಎಷ್ಟೋ ವಿದ್ವಾಂಸರು ಹೇಳುತ್ತಾರೆ. ನಾನು ಅಭ್ಯಾಸಬಲದಿಂದ ಎಡಕ್ಕೆ ತಿರುಗಿ, ಅರ್ಧ ದಾರಿಯಲ್ಲಿ ಕಥೆ ಹಿಂದುಮುಂದಾಗಿದೆ ಅನ್ನಿಸಿ, ವಾಪಸ್ ಬಂದು ಬಲಗಡೆಯಿಂದ ಶುರುಮಾಡಿದೆ. ನೀವು ಮೊದಲೇ ಬಲಕ್ಕೆ ಹೋಗಿ.

ಮೂರು ದಿನದ ಪಾಸ್ 62 ಡಾಲರ್, ಹತ್ತು ದಿನದೊಳಗೆ ಯಾವ ಮೂರು ದಿನ ಬೇಕಾದರೂ ಬಳಸಬಹುದು. ಒಂದು ದಿನದ್ದು 37. ಮೂರು ದಿನದ್ದೇ ತೆಗೆದುಕೊಳ್ಳಿ. ಸೂರ್ಯೋದಯಕ್ಕೆ ಎಲ್ಲರೂ ಮುಂದಿನ ಕೊಳದ ಹತ್ರ ಜಮಾಯಿಸುತ್ತಾರೆ. ನೀವು ಆ ಹೊತ್ತಿಗೆ ಸುಮ್ನೆ ಹಿಂದೆ ಹೋಗಿ, ಮಥನದ ಗೋಡೆಗೆ ಬೆಳಗಿನ ಬೆಳಕು ಬರುತ್ತದೆ, ಜನವೂ ಇರುವುದಿಲ್ಲ. ಮೇಲಿನ ಅಂತಸ್ತಿಗೆ ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕೇ ಬೇಕು. ಎರಡನೇ ದಿನ ಅಲ್ಲೇ ಇರುವ ಬಾಯೋನ್ ಗುಡಿ. ಅಲ್ಲಿ ಹೊರಗೋಡೆಯಲ್ಲಿ ಸಂತೆ, ಅಡುಗೆ, ಕೋಳಿ ಅಂಕ ಎಲ್ಲಾ ಇವೆ. ರಾಜನ ಕಥೆಗಿಂತ ಅದು ನನಗೆ ಜಾಸ್ತಿ ಇಷ್ಟವಾಯ್ತು.

ಪಾಸ್‌ಪೋರ್ಟ್ ಇಲ್ಲ. ಎಲ್ಲಿಂದ ಶುರು ಮಾಡಬೇಕು?
— ಓದುಗರು, ಹುಣಸೂರು

ಬೆಂಗಳೂರಿಗೆ ಓಡಬೇಕಾಗಿಲ್ಲ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಕೆಲಸ ದೇಶದಲ್ಲಿ ಮೊದಲು ಶುರುವಾದ ಎರಡು ಊರುಗಳಲ್ಲಿ ನಮ್ಮ ಮೈಸೂರೂ ಒಂದು, 2017ರ ಜನವರಿ 25ರಂದು. ಆನ್‌ಲೈನ್‌ನಲ್ಲಿ ಅರ್ಜಿ ತುಂಬಿ ದಿನ ಗೊತ್ತುಮಾಡಿಕೊಳ್ಳಿ. ಆಧಾರ್, ಮಾರ್ಕ್ಸ್ ಕಾರ್ಡ್ ಎಲ್ಲದರಲ್ಲೂ ಹೆಸರು, ಇನಿಷಿಯಲ್ ಒಂದೇ ಥರ ಇದೆಯಾ ನೋಡಿ. ನಮ್ಮ ಕಡೆಯವರಿಗೆ ತೊಂದರೆ ಆಗುವುದೇ ಇನಿಷಿಯಲ್‌ನಲ್ಲಿ. ವಿಮಾನ ನಿಲ್ದಾಣಕ್ಕೆ ಮೈಸೂರಿನಿಂದ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರ ಹೋಗುತ್ತದೆ.

ಮಕ್ಕಳಿಗೆ ದಸರಾ ರಜೆ. ನಾಲ್ಕು ಜನ, ಮೊದಲ ಹೊರದೇಶ ಪ್ರವಾಸ, ಖರ್ಚು ಕೈಗೆಟುಕಬೇಕು, ಐದಾರು ದಿನದಲ್ಲಿ ವಾಪಸ್ ಬರಬೇಕು. ಯಾವ ಊರು?
— ಬ್ಯಾಂಕ್ ಉದ್ಯೋಗಿ, ಕುವೆಂಪುನಗರ, ಮೈಸೂರು

ನೇಪಾಳ. ಕಠ್ಮಂಡುವಿನಲ್ಲಿ ಇಳಿದು, ಅಲ್ಲಿ ಉಳಿಯದೆ ಹದಿಮೂರು ಕಿಲೋಮೀಟರ್ ದೂರದ ಭಕ್ತಪುರಕ್ಕೆ ಹೋಗಿ, ಹಳೇ ಊರಿನೊಳಗೇ ರೂಮು ಮಾಡಿ. ಹಗಲು ಬಂದು ಹೋಗುವ ಪ್ರವಾಸಿಗರೆಲ್ಲ ಸಂಜೆ ಜಾಗ ಖಾಲಿ ಮಾಡುತ್ತಾರೆ. ಆಮೇಲೆ ಇಟ್ಟಿಗೆ ಬೀದಿ, ಕೆತ್ತಿದ ಮರದ ಕಿಟಕಿ, ಜಗಲಿಯ ಮೇಲೆ ಭಜನೆ, ಎಲ್ಲಾ ನಿಮ್ಮದೇ.

ಮಕ್ಕಳನ್ನು ನ್ಯಾತಪೋಲ ಗುಡಿಯ ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ. ಭೂಪತೀಂದ್ರ ಮಲ್ಲ 1702ರಲ್ಲಿ ಕಟ್ಟಿಸಿದ ಐದು ಅಂತಸ್ತಿನ ಗುಡಿ. ಮೆಟ್ಟಿಲ ಎರಡೂ ಬದಿ ಕೆಳಗಿನಿಂದ ಮೇಲಕ್ಕೆ ಜೋಡಿ ಜೋಡಿ ಕಲ್ಲಿನ ಕಾವಲುಗಾರರು: ಮೊದಲು ಪೈಲ್ವಾನರು, ಆಮೇಲೆ ಆನೆ, ಸಿಂಹ, ಶಾರ್ದೂಲ, ಕಡೆಗೆ ಇಬ್ಬರು ದೇವಿಯರು. ಪೈಲ್ವಾನರಿಗೆ ಹತ್ತು ಜನರ ಬಲ, ಅವರ ಹತ್ತರಷ್ಟು ಆನೆಗೆ, ಆನೆಯ ಹತ್ತರಷ್ಟು ಸಿಂಹಕ್ಕೆ, ಹೀಗೆ ಲೆಕ್ಕ. ಗರಡಿ ಮನೆಯ ಊರಿನ ಮಕ್ಕಳಿಗೆ ಬೇಗ ಹಿಡಿಸುತ್ತದೆ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಅಕ್ಕಪಕ್ಕ ಎಷ್ಟೋ ಗುಡಿ ಉರುಳಿದವು, ಇದು ನಿಂತಿತು. ಬಿದ್ದಿದ್ದನ್ನು ಅಲ್ಲಿನ ಬಡಗಿಗಳು ಹಳೇ ಪದ್ಧತಿಯಲ್ಲೇ ಮತ್ತೆ ಕಟ್ಟುತ್ತಾ ಬಂದಿದ್ದಾರೆ. ಮಣ್ಣಿನ ಕುಡಿಕೆಯಲ್ಲಿ ಕೊಡುವ ಅಲ್ಲಿನ ಸಿಹಿ ಮೊಸರು ಮಕ್ಕಳಿಗೆ ಕೊಡಿಸಿ. ಕುಂಬಾರರ ಬೀದಿಯಲ್ಲಿ ಆ ಕುಡಿಕೆ ಒಣಗಲು ಇಟ್ಟಿರುವುದನ್ನೂ ತೋರಿಸಿ.

ದಸರಾ ಅಲ್ಲೂ ದೊಡ್ಡ ಹಬ್ಬವೇ, ದಶೈನ್ ಅನ್ನುತ್ತಾರೆ. ಹಾಗಾಗಿ ಅಂಗಡಿ, ಹೋಟೆಲು ಎಷ್ಟೋ ಮುಚ್ಚಿರುತ್ತವೆ, ರೂಮು ಮೊದಲೇ ಮಾತಾಡಿಕೊಳ್ಳಿ. ಕಠ್ಮಂಡುವಿನ ತಲೇಜು ದೇವಿಯ ಗುಡಿ ವರ್ಷಕ್ಕೊಮ್ಮೆ ಮಹಾನವಮಿಯ ದಿನ ಮಾತ್ರ ಭಕ್ತರಿಗೆ ತೆರೆಯುತ್ತದೆ. ನೋಡುವಂಥದ್ದು, ಆದರೆ ಒಂದು ಎಚ್ಚರ. ಅಷ್ಟಮಿ, ನವಮಿಯಂದು ಪ್ರಾಣಿಬಲಿ ಬೀದಿಯಲ್ಲೇ ಕಾಣುತ್ತದೆ, ಸಣ್ಣ ಮಕ್ಕಳಿದ್ದರೆ ಆ ಎರಡು ದಿನ ಬೆಟ್ಟದ ಕಡೆ ಹೋಗಿಬಿಡಿ. ಪಶುಪತಿನಾಥಕ್ಕೂ ಹೋಗಿ ಬನ್ನಿ. ಅಲ್ಲಿ ಮುಖ್ಯ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರು. ಗರ್ಭಗುಡಿಯ ಹತ್ರ ಕನ್ನಡ ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಡಿ.

ವೀಸಾ ಬೇಡ, ಆದರೆ ದೊಡ್ಡವರಿಗೆ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಬೇಕು. ನಿಮ್ಮ ವಯಸ್ಸಿನವರಿಗೆ ಬರೀ ಆಧಾರ್ ನಡೆಯುವುದಿಲ್ಲ, ವಿಮಾನ ನಿಲ್ದಾಣದಿಂದಲೇ ವಾಪಸ್ ಕಳಿಸುತ್ತಾರೆ.

ಮಗಳ ಪದವಿ ಪ್ರದಾನಕ್ಕೆ ಲಂಡನ್ನಿಗೆ ಹೊರಟಿದ್ದೇವೆ, ಒಂದು ವಾರ ಇರುತ್ತೇವೆ. ಟಿಪ್ಪು ಕಾಲದ ವಸ್ತುಗಳು ಅಲ್ಲಿವೆ ಅಂತಾರೆ. ಎಲ್ಲಿ ನೋಡಬಹುದು?
— ಕೃಷಿಕರು, ಶ್ರೀರಂಗಪಟ್ಟಣ

ಈ ಪ್ರಶ್ನೆ ನಿಮ್ಮೂರಿನಿಂದಲೇ ಬಂದಿದ್ದು ನೋಡಿ ಮನಸ್ಸು ಭಾರವಾಯ್ತು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅರಮನೆಯಲ್ಲಿದ್ದದ್ದು ಚೆಲ್ಲಾಪಿಲ್ಲಿಯಾಗಿ ಹೋಯಿತು. ನಿಮ್ಮ ಹೊಲದಿಂದ ಕೂಗಳತೆಯಲ್ಲಿ ಇದ್ದ ವಸ್ತು ನೋಡಲು ನೀವು ಸಮುದ್ರ ದಾಟಬೇಕು.

ಮೊದಲು ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಟಿಪ್ಪುವಿನ ಹುಲಿ ಅಲ್ಲಿಯದು. ಪ್ರವೇಶಕ್ಕೆ ದುಡ್ಡಿಲ್ಲ. ಅಲ್ಲಿನ ದಕ್ಷಿಣ ಏಷ್ಯಾ ವಿಭಾಗ ಆ ವಾರ ತೆರೆದಿದೆಯಾ, ಹುಲಿಯನ್ನು ಎಲ್ಲಿಟ್ಟಿದ್ದಾರೆ ಅಂತ ಅವರ ವೆಬ್‌ಸೈಟಿನಲ್ಲಿ ನೋಡಿಕೊಂಡೇ ಹೋಗಿ. ಮರದ ಹುಲಿ, ಸುಮಾರು 178 ಸೆಂಟಿಮೀಟರ್ ಉದ್ದ, ಅಂಗಾತ ಬಿದ್ದ ಯುರೋಪಿಯನ್ನನ ಗಂಟಲು ಹಿಡಿದಿದೆ. ಪಕ್ಕದ ಹಿಡಿ ತಿರುಗಿಸಿದರೆ ಅವನ ಕೈ ಮೇಲೆ ಕೆಳಗೆ ಆಡುತ್ತದೆ, ಒಳಗಿನ ತಿದಿಯಿಂದ ನರಳುವ ಸದ್ದು, ಹುಲಿಯ ಗುರುಗುಟ್ಟುವಿಕೆ ಎರಡೂ ಬರುತ್ತವೆ. ಹೊಟ್ಟೆಯ ಪಕ್ಕದ ಹಲಗೆ ತೆಗೆದರೆ 18 ಗುಂಡಿಯ ಸಣ್ಣ ಆರ್ಗನ್ ಇದೆ. ಈಗ ಹಳತಾಗಿದೆ, ದಿನಾ ನುಡಿಸುವುದಿಲ್ಲ.

ಸಿಂಹಾಸನದ ಚಿನ್ನದ ಹುಲಿತಲೆ ವಿಂಡ್ಸರ್ ಅರಮನೆಯಲ್ಲಿದೆ, ಲಂಡನ್ನಿನಿಂದ ರೈಲಿನಲ್ಲಿ ಒಂದು ಗಂಟೆ ದಾರಿ. ಮಂಗಳವಾರ, ಬುಧವಾರ ಅರಮನೆ ಮುಚ್ಚಿರುತ್ತದೆ, ಅದು ನೆನಪಿರಲಿ. ಟಿಪ್ಪುವಿನ ಡೇರೆ ವೇಲ್ಸ್‌ನ ಪೋವಿಸ್ ಕೋಟೆಯಲ್ಲಿದೆ. ಅದು ದೂರ, ಒಂದು ದಿನ ಪೂರ್ತಿ ಹೋಗುತ್ತದೆ, ವಾರದ ಪ್ರವಾಸದಲ್ಲಿ ಅದನ್ನು ಬಿಟ್ಟು ಮಗಳ ಜೊತೆ ಇರಿ.

ಹೊರಡುವ ಮುಂಚೆ ಒಂದು ಬೆಳಗ್ಗೆ ಮನೆಯವರೆಲ್ಲ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ಗೆ ಹೋಗಿ. ಊರಲ್ಲೇ ಇದೆ ಅಂತ ಎಷ್ಟು ವರ್ಷದಿಂದ ಒಳಗೆ ಕಾಲಿಟ್ಟಿಲ್ಲವೋ ಏನೋ. ಪಶ್ಚಿಮದ ಗೋಡೆಯಲ್ಲಿ ಹೈದರ್, ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಕಾಳಗದ ಚಿತ್ರ ಇದೆ. ಕುದುರೆಗಳ ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡು ಕೂತ ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಬೇಯ್ಲಿಯನ್ನು, ಸುತ್ತಲಿನ ಕೆಂಪು ಕೋಟಿನ ಸಿಪಾಯಿಗಳನ್ನು ಹುಡುಕಿ ನೋಡಿ. ಲಂಡನ್ನಿನಲ್ಲಿ ಹುಲಿಯ ಕೆಳಗೆ ಬಿದ್ದವನದ್ದೂ ಕೆಂಪು ಕೋಟೇ.